ಲಾಟು ಬೆರೆಸದ ಮಾಸ್ಟರ್

ಹಸಿರು ಕಂಪನಿಯ ಕಾರಿನ ಆಟ ಈಗ ನೀಲಿ ಕಂಪನಿಯ ವಿಡಿಯೋ ಗೇಮ್ ಪೆಟ್ಟಿಗೆಗೂ ಬಂದಿದೆಯಂತೆ. ಮೊನ್ನೆ ಊಟಕ್ಕೆ ಕೂತಾಗ ನಮ್ಮ ಮನೆಯವರು ಫೋನು ನೋಡುತ್ತ ಈ ಸುದ್ದಿ ಹೇಳಿದರು. ನನ್ನ ಕೈಯಲ್ಲಿದ್ದ ಮುದ್ದೆಯ ತುತ್ತು ಅಲ್ಲೇ ನಿಂತಿತು.

"ನಿಮ್ಮ ಮಾಸ್ಟರ್ ಇದ್ದಿದ್ರೆ ಏನಂತಿದ್ರೋ" ಎಂದರು ಅವರು.

ಏನನ್ನುತ್ತಿದ್ದರೆಂದು ನನಗೆ ಚೆನ್ನಾಗಿ ಗೊತ್ತು. ಮೊದಲ ದಿನ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಮರುದಿನ ಟೀ ಅಂಗಡಿಯ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು, "ಕಡೀಕ ನಮ್ಮ ಮನಿ ಬಾಗಿಲಿಗೇ ಬಂದ್ರಲ್ರಿ" ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ಹಾಗೆ ಹೇಳಲು ಅವರು ಈಗ ಇಲ್ಲ. ಹೋದ ವರ್ಷ ರಾಯದುರ್ಗದಿಂದ ಗೆಳತಿಯ ಫೋನು ಬಂದಾಗ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಊಟ ಮಾಡಿ ಮಲಗಿದವರು ಮತ್ತೆ ಏಳಲಿಲ್ಲವಂತೆ. ಯಾರನ್ನೂ ಒಂದು ಲೋಟ ನೀರು ಕೇಳದೆ ಹೋಗಿಬಿಟ್ಟರು. ಅವರ ಬಗ್ಗೆ ಬರೆಯಬೇಕೆಂದು ಅಂದಿನಿಂದಲೂ ಅಂದುಕೊಳ್ಳುತ್ತಿದ್ದೆ. ಕೊನೆಗೆ ಬರೆಯಲು ಕೂರಿಸಿದ್ದು ಈ ಹಾಳು ಸುದ್ದಿ.

ಗೊತ್ತಿಲ್ಲದವರಿಗೆ ಮೊದಲು ಇದನ್ನು ಹೇಳಿಬಿಡುತ್ತೇನೆ. ಟಿವಿಗೆ ಸಿಕ್ಕಿಸಿ ಆಡುವ ಆಟದ ಪೆಟ್ಟಿಗೆಗಳಿವೆಯಲ್ಲ, ಅವನ್ನು ಮಾಡುವ ಕಂಪನಿಗಳಲ್ಲಿ ಎರಡಕ್ಕೆ ಒಂದನ್ನು ಕಂಡರೆ ಒಂದಕ್ಕೆ ಆಗುವುದಿಲ್ಲ. ಒಂದರ ಗುರುತಿನ ಬಣ್ಣ ನೀಲಿ, ಇನ್ನೊಂದರದು ಹಸಿರು. ನಮ್ಮ ಬೀದಿಯಲ್ಲಿ ಕಂಪನಿಗಳ ಹೆಸರು ಹೇಳುವ ರೂಢಿಯೇ ಇರಲಿಲ್ಲ. ನೀಲಿ, ಹಸಿರು ಎಂದರೆ ಸಾಕಿತ್ತು. ಇಂಟರ್‌ನೆಟ್ಟಿನ ಮೂಲಕ ಎಲ್ಲೆಲ್ಲೋ ಇರುವವರು ಒಟ್ಟಿಗೆ ಆಡಬಹುದು, ಆಡುತ್ತ ಮೈಕಿನಲ್ಲಿ ಮಾತಾಡಬಹುದು. ಆದರೆ ಕೆಲವು ಒಳ್ಳೊಳ್ಳೆಯ ಆಟಗಳನ್ನು ಆಯಾ ಕಂಪನಿ ತನ್ನ ಪೆಟ್ಟಿಗೆಗೆ ಮಾತ್ರ ಎಂದು ಕಟ್ಟಿಹಾಕಿಕೊಂಡಿರುತ್ತದೆ. ನಿಮ್ಮ ಮನೆಯಲ್ಲಿ ಹಸಿರು, ನಿಮ್ಮ ಗೆಳತಿಯ ಮನೆಯಲ್ಲಿ ನೀಲಿ ಇದ್ದರೆ ಆ ಆಟಗಳಲ್ಲಿ ನೀವಿಬ್ಬರೂ ಭೇಟಿಯಾಗುವ ಹಾಗಿಲ್ಲ.

ಮಾಸ್ಟರ್ ನೀಲಿಯವರು. ಒಳಗೂ ಹೊರಗೂ ನೀಲಿ.

ಅವರು ರಾಯದುರ್ಗದ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ನಾನು ಮದುವೆಗೆ ಮುಂಚೆ ಅದೇ ಯೂನಿಟ್ಟಿನಲ್ಲಿ ಓವರ್‌ಲಾಕ್ ಮಿಷನ್ನಿನ ಮೇಲೆ ಕೂರುತ್ತಿದ್ದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಆ ಬೀದಿಯಲ್ಲಿ ಅರ್ಧ ಜನಕ್ಕೆ ಅದು ಯಾರೆಂದು ಗೊತ್ತಾಗದು. ಮಾಸ್ಟರ್ ಎಂದರೆ ಎಲ್ಲರಿಗೂ ಗೊತ್ತು. ಸಣಕಲು ಮೈ, ಕಿವಿಯ ಸಂದಿಯಲ್ಲಿ ಗುರುತು ಹಾಕುವ ಸೀಮೆಸುಣ್ಣದ ತುಂಡು. ದಿನವಿಡೀ ಜೀನ್ಸ್ ಬಟ್ಟೆಯನ್ನು ಹಾಸಿ, ನೀವಿ, ಕತ್ತರಿಸಿ ಹತ್ತು ಬೆರಳೂ ನೀಲಿಯಾಗಿದ್ದವು. ಸೋಪು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಆ ಕೈಯಲ್ಲೇ ಮೊಸರನ್ನ ಕಲಸುತ್ತ, "ನೋಡ್ರಿ, ನಾನು ಹುಟ್ಟಾ ನೀಲಿ ಪಾರ್ಟಿ" ಎಂದು ನಗುತ್ತಿದ್ದರು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದರೆ, "ಟೇಬಲ್ ಮ್ಯಾಲ ಬಟ್ಟಿ ಹಾಸಿದ್ದೆ, ಮುಗಿಯೂತನಾ ಎದ್ದೇಳಾಕ ಆಗ್ಲಿಲ್ಲ" ಎನ್ನುತ್ತಿದ್ದರು.

ಕಟಿಂಗ್ ಮಾಸ್ಟರಿಗೆ ದೊಡ್ಡ ಪಾಪ ಯಾವುದೆಂದರೆ ಲಾಟು ಬೆರೆಸುವುದು. ಮಿಲ್ಲಿನಿಂದ ಬರುವ ಬಟ್ಟೆಯ ಥಾನುಗಳೆಲ್ಲ ನಮ್ಮ ಕಣ್ಣಿಗೆ ಒಂದೇ ನೀಲಿ. ಆದರೆ ಒಂದೇ ಸಲ ಬಣ್ಣ ಹಾಕಿದ ಥಾನುಗಳದು ಒಂದು ಲಾಟು; ಒಂದು ಲಾಟಿನ ಬಣ್ಣ ಇನ್ನೊಂದರಂತೆ ಇರುವುದಿಲ್ಲ. ನೀಲಿಯಲ್ಲೇ ಒಂದಿಷ್ಟು ಕೆಂಪಿಗೆ ವಾಲಿದ್ದು, ಒಂದಿಷ್ಟು ಹಸಿರಿಗೆ ವಾಲಿದ್ದು ಇರುತ್ತದೆ. ಕೋರಾ ಬಟ್ಟೆಯಲ್ಲಿ, ಎಂದರೆ ಇನ್ನೂ ನೀರು ಕಾಣದ ಬಟ್ಟೆಯಲ್ಲಿ, ಅದು ತಿಳಿಯುವುದಿಲ್ಲ. ಎರಡು ಲಾಟಿನ ತುಂಡುಗಳನ್ನು ಸೇರಿಸಿ ಪ್ಯಾಂಟು ಹೊಲಿದು ತೊಳೆದರೆ, ಒಂದು ಕಾಲು ಒಂದು ಬಣ್ಣ, ಇನ್ನೊಂದು ಕಾಲು ಇನ್ನೊಂದು ಬಣ್ಣ. ಅದಕ್ಕೇ ಮಾಸ್ಟರ್ ಕತ್ತರಿಸಿದ ಪ್ರತಿ ತುಂಡಿಗೂ ತಾವೇ ಚೀಟಿ ಅಂಟಿಸುತ್ತಿದ್ದರು. ಗಡಿಬಿಡಿಯಲ್ಲಿ ನಾವು ಯಾರಾದರೂ ಬೇರೆ ಚೀಟಿಯ ತುಂಡಿಗೆ ಕೈ ಹಾಕಿದರೆ ಅಲ್ಲಿಂದಲೇ ಕೂಗುತ್ತಿದ್ದರು: "ಲಾಟು ಬೆರೆಸಬ್ಯಾಡ್ರಿ! ಈಗ ಗೊತ್ತಾಗಂಗಿಲ್ಲ, ತೊಳದ ಮ್ಯಾಲ ಗೊತ್ತಾಗ್ತೈತಿ!"

ಈ ಮಾತು ಬಟ್ಟೆಗೆ ಮಾತ್ರ ಇರಲಿಲ್ಲ. ಚಹಾಕ್ಕೆ ಶುಂಠಿ ಹಾಕಿದರೆ ಲಾಟು ಬೆರಕೆ. ಉಗ್ಗಾಣಿಯ ಜೊತೆ ಚಟ್ನಿ ಕೊಟ್ಟರೆ ಲಾಟು ಬೆರಕೆ. ಇಡೀ ಊರು ಒಂದೇ ವಾಕ್ಯದಲ್ಲಿ ಕನ್ನಡ ತೆಲುಗು ಎರಡನ್ನೂ ಕಲಸಿ ಮಾತಾಡುವಾಗ ಮಾಸ್ಟರ್ ಮಾತ್ರ ನಮ್ಮ ಜೊತೆ ಬರೀ ಕನ್ನಡ, ಅನಂತಪುರದಿಂದ ಬರುವ ಸೇಠುಗಳ ಜೊತೆ ಬರೀ ತೆಲುಗು. ಇನ್ನು ಒಂದೇ ಮನೆಯಲ್ಲಿ ನೀಲಿ ಪೆಟ್ಟಿಗೆ, ಹಸಿರು ಪೆಟ್ಟಿಗೆ ಎರಡೂ ಇಡುವುದೆಂದರೆ ಅವರ ಪ್ರಕಾರ ಅದು ಮನೆಯೇ ಅಲ್ಲ.

ಅವರ ಪೆಟ್ಟಿಗೆ ಕಟಿಂಗ್ ಟೇಬಲ್ಲಿನ ಮೇಲಿನ ಹಲಗೆಯಲ್ಲಿ ಕೂತಿತ್ತು. ಧೂಳು ಕೂರದಂತೆ ಅದಕ್ಕೊಂದು ಜೀನ್ಸ್ ಬಟ್ಟೆಯ ಗೌಸು ಹೊಲಿಸಿದ್ದರು, ಜೇಬು ಸಮೇತ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಗೌಸು ತೆಗೆಯುತ್ತಿದ್ದರು. ಗಂಡಸರು ಬೀಡಿ ಸೇದಲು ಹೊರಗೆ ಹೋದರೆ ನಾವು ಹೆಂಗಸರು ಕಾರು ಓಡಿಸುತ್ತಿದ್ದೆವು. ಸೈಕಲ್ಲನ್ನೂ ಮುಟ್ಟದಿದ್ದ ನನಗೆ ಕಾರು ಬಿಡಲು ಕಲಿಸಿದವರು ಅವರು. ಮೊದಮೊದಲು ಪ್ರತಿ ತಿರುವಿನಲ್ಲೂ ಗೋಡೆಗೆ ಹೋಗಿ ಗುದ್ದುತ್ತಿದ್ದೆ.

"ಯವ್ವಾ, ಮಿಷನ್ ಮ್ಯಾಲ ಜೇಬಿನ ತಿರುವು ಹೊಲಿಯೋವಾಗ ಏನು ನೋಡ್ತಿ? ಸೂಜಿ ನೋಡ್ತಿಯೇನು?"

"ಇಲ್ರಿ ಮಾಸ್ಟರ್. ಸೂಜಿ ನೋಡಿದ್ರ ಹೊಲಿಗಿ ಸೊಟ್ಟಾಗ್ತೈತಿ. ಮುಂದಿನ ಬಟ್ಟಿ ನೋಡ್ತೀನಿ."

"ಮತ್ತ ಇಲ್ಲ್ಯಾಕ ಸೂಜಿ ನೋಡಾಕತ್ತಿ? ಮುಂದಿನ ಬಟ್ಟಿ ನೋಡು. ಕಾಲು ಮೆತ್ತಗ."

ಕಾಲು ಎಂದದ್ದು ಮಿಷನ್ನಿನ ಪೆಡಲಿನ ಲೆಕ್ಕದಲ್ಲಿ. ಆಟದಲ್ಲಿ ಒತ್ತಬೇಕಾದ್ದು ಬೆರಳು. ಆದರೂ ನನಗೆ ತಿಳಿಯಿತು. ಆ ವಾರವೇ ತಿರುವು ದಾಟಿದೆ.

ಆನ್‌ಲೈನಿನಲ್ಲಿ ಅಪರಿಚಿತರ ಜೊತೆ ಆಡುವಾಗ ಮಾಸ್ಟರ್ ಆಡುತ್ತಿದ್ದ ಮಾತುಗಳು ನಮಗೆ ಊಟದ ಜೊತೆಯ ಉಪ್ಪಿನಕಾಯಿ. ಅಲ್ಲಿ ಹುಡುಗರು ಬಾಯಿಗೆ ಬಂದಂತೆ ಬೈಯುತ್ತಾರೆ. ಮಾಸ್ಟರ್ ಎದುರಾಳಿಯ ಕಾರಿಗೆ ಗುದ್ದುವ ಮುನ್ನವೂ "ಒಂಚೂರು ಸರೀರಿ, ದಾರಿ ಬಿಡ್ರಿ" ಎನ್ನುತ್ತಿದ್ದರು. ಒಮ್ಮೆ ಹೈದರಾಬಾದಿನವನೊಬ್ಬ ತೆಲುಗಿನಲ್ಲಿ ಇವರ ವಂಶವನ್ನೆಲ್ಲ ಜಾಲಾಡಿದ. ಮಾಸ್ಟರ್ ಎಲ್ಲ ಕೇಳಿಸಿಕೊಂಡು, ಅಷ್ಟೇ ಚೊಕ್ಕ ತೆಲುಗಿನಲ್ಲಿ ಊಟ ಆಯಿತೇ ಎಂದು ಕೇಳಿದರು. ಆ ಕಡೆಯಿಂದ ಸಣ್ಣ ದನಿಯಲ್ಲಿ, ಇನ್ನೂ ಇಲ್ಲ ಎಂಬ ಉತ್ತರ ಬಂತು. "ಮೊದ್ಲು ಉಂಡು ಬಾಪ್ಪಾ, ಆಮ್ಯಾಲ ಬೈಯುವಂತಿ" ಎಂದು ಅದನ್ನೂ ತೆಲುಗಿನಲ್ಲೇ ಹೇಳಿ ಆಟ ನಿಲ್ಲಿಸಿದರು. ಆ ಹುಡುಗ ಆಮೇಲೆ ಎಷ್ಟೋ ಸಲ ಇವರನ್ನು ಹುಡುಕಿಕೊಂಡು ಬಂದು ಆಡುತ್ತಿದ್ದ.

ಇಷ್ಟು ಮೆತ್ತಗಿನ ಮನುಷ್ಯ ಒಬ್ಬರ ವಿಷಯದಲ್ಲಿ ಮಾತ್ರ ಗಟ್ಟಿ. ಹಿಂದಿನ ಬೀದಿಯ ಯೂನಿಟ್ಟಿನಲ್ಲಿ ಇನ್ನೊಬ್ಬ ಕಟಿಂಗ್ ಮಾಸ್ಟರ್ ಇದ್ದರು, ದಪ್ಪಗೆ, ಕನ್ನಡಕದವರು. ಅವರದು ಹಸಿರು ಪೆಟ್ಟಿಗೆ. ಇಬ್ಬರೂ ಸಂಜೆ ಟೀ ಅಂಗಡಿಯಲ್ಲಿ ಸೇರಿದರೆ ಬೆಂಚಿನ ಆ ತುದಿಗೊಬ್ಬರು ಈ ತುದಿಗೊಬ್ಬರು. "ನಮ್ಮ ಕಂಪನಿ ಹೊಸ ಪೆಟ್ಟಿಗಿ ಬಿಡ್ತೈತಂತ", "ನಿಮ್ಮ ಕಂಪನಿ ಬಿಟ್ಟಿದ್ದು ಬರೀ ಹೊಗಿ" ಎಂದು ಶುರುವಾಗುತ್ತಿತ್ತು. ರಾಯದುರ್ಗ ಎಂಬ ಊರೊಂದಿದೆ ಎಂಬುದೇ ಆ ಕಂಪನಿಗಳಿಗೆ ಗೊತ್ತಿರಲಿಕ್ಕಿಲ್ಲ. ಇವರು ಮಾತ್ರ ಬೀಗರ ಜಗಳವನ್ನು ಹೊತ್ತಂತೆ ಹೊತ್ತುಕೊಂಡಿದ್ದರು. ಒಂದು ಸಲ ಮಾತು ಬೆಳೆದು, "ನಿನ್ನ ಬಾಗಿಲಿಗೆ ನಾನು ಕಾಲಿಟ್ಟರ ಕೇಳು" ಎಂದು ಮಾಸ್ಟರ್ ಎದ್ದುಬಂದರು. ಅಂದಿನಿಂದ ಆ ಬೆಂಚಿನ ಮೇಲೆ ಮಾತಿಲ್ಲ, ಬರೀ ಕೆಮ್ಮು.

ನನಗೆ ಮಡಕಶಿರಾದ ಗಂಡು ಗೊತ್ತಾಯಿತು. ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾರೆ, ಮನೆಯಲ್ಲಿ ಕುರಿ ಇವೆ, ಅತ್ತೆ ಒಬ್ಬರೇ ಎಂದು ನಾನು ಹೇಳಿದ್ದನ್ನೆಲ್ಲ ಕೇಳಿ ಮಾಸ್ಟರ್ ಕೊನೆಗೆ ಒಂದು ಪ್ರಶ್ನೆ ಹಾಕಿದರು.

"ಮನ್ಯಾಗ ಯಾವ ಪೆಟ್ಟಿಗಿ ಐತಿ?"

ನಾನು ತಲೆ ತಗ್ಗಿಸಿ, "ಹಸಿರು, ಮಾಸ್ಟರ್" ಎಂದೆ.

ಮಾಸ್ಟರ್ ಕೈಯಲ್ಲಿದ್ದ ಸೀಮೆಸುಣ್ಣದ ತುಂಡನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡರು. "ಇರ್ಲಿ ಬಿಡವ್ವ. ಹುಡುಗ ಚೊಲೋ ಅದಾನ ಅಂತಿ. ಹೊಂದ್ಕೊಂಡು ಹೋಗು" ಎಂದರು. ಯೂನಿಟ್ಟಿನ ಹೆಂಗಸರೆಲ್ಲ ಹೊಟ್ಟೆ ಹಿಡಿದು ನಕ್ಕರು. ಅವರು ನಗಲಿಲ್ಲ.

ಮಡಕಶಿರಾದಲ್ಲಿ ಮೊದಲ ಬಸಿರು ನಿಲ್ಲಲಿಲ್ಲ. ಎರಡನೆಯದು ನಿಂತಾಗ ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದರು: ಮಂಚ ಬಿಟ್ಟು ಏಳಬಾರದು, ಬಸ್ಸು ಹತ್ತುವ ಮಾತೇ ಇಲ್ಲ. ನನಗೆ ತಾಯಿ ಇಲ್ಲ. ತವರಿನಲ್ಲಿ ಅಣ್ಣ, ಅತ್ತಿಗೆ. ದಿನವೂ ಯಾರಾದರೂ ಫೋನು ಮಾಡುತ್ತಿದ್ದರು. ಎಲ್ಲರದೂ ಒಂದೇ ಮಾತು: ಹೊಟ್ಟೆ ಹೇಗಿದೆ, ನೋವಿದೆಯಾ, ಮಗು ಮಿಸುಕುತ್ತದಾ? ಕೇಳುವವರದು ಪ್ರೀತಿಯೇ. ಆದರೆ ಪ್ರತಿ ಸಲ ಕೇಳಿದಾಗಲೂ ನನಗೆ ಹೆದರಿಕೆ ಹೊಸದಾಗಿ ಹುಟ್ಟುತ್ತಿತ್ತು. ಕೊನೆಗೆ ಫೋನು ಎತ್ತುವುದನ್ನೇ ಬಿಟ್ಟೆ. ಮಾತೂ ಬಿಟ್ಟೆ. ಮಲಗಿದಲ್ಲೇ ಮನೆಯವರ ಹಸಿರು ಪೆಟ್ಟಿಗೆ ಹಾಕಿಕೊಂಡು ಒಬ್ಬಳೇ ಕಾರು ಬಿಡುತ್ತಿದ್ದೆ. ಗೋಡೆ ನೋಡುತ್ತ ಮಲಗುವುದಕ್ಕಿಂತ ಅದು ಮೇಲಾಗಿತ್ತು.

"ಅದೇನ್ ಸೊಸೆ ಕಣಪ್ಪ, ಒಂದ್ ಮಾತಿಲ್ಲ ಕತೆಯಿಲ್ಲ, ಆ ಟಿವಿ ಮುಂದೆ ಕಲ್ಲಿನಂಗೆ ಇರ್ತಾಳೆ" ಎಂದು ಅತ್ತೆ ಮಗನ ಹತ್ತಿರ ಹೇಳುತ್ತಿದ್ದುದು ನನಗೆ ಕೇಳುತ್ತಿತ್ತು. ಅವರ ದನಿಯಲ್ಲಿ ಬೈಗುಳ ಇರಲಿಲ್ಲ, ಗಾಬರಿ ಇತ್ತು.

ಒಂದು ದಿನ ಯೂನಿಟ್ಟಿನ ಗೆಳತಿಯ ಫೋನು ಮಾತ್ರ ಎತ್ತಿದೆ. "ಯಾರ ಕೂಡನೂ ಮಾತಾಡಾಕ ಮನಸಿಲ್ಲ ನೋಡು. ಸುಮ್ನ ಕಾರು ಓಡಿಸ್ತೀನಿ" ಎಂದೆ. ಯಾವ ಆಟ, ಅದರಲ್ಲಿ ನನ್ನ ಹೆಸರೇನು ಎಂದು ಕೇಳಿದಳು, ಹೇಳಿದೆ. ಅವಳು ಅದನ್ನೆಲ್ಲ ಯೂನಿಟ್ಟಿನಲ್ಲಿ ಊಟದ ಹೊತ್ತಿನಲ್ಲಿ ಹೇಳಿದ್ದಾಳೆ.

ಕೆಲವು ದಿನ ಕಳೆದು ಮಧ್ಯಾಹ್ನ ಆಡುತ್ತಿದ್ದಾಗ ಪರದೆಯ ಮೇಲೆ ಯಾರೋ ನನ್ನ ಜೊತೆ ಆಡಲು ಕೇಳಿದರು. ಹೊಸ ಹೆಸರು. ಒಪ್ಪಿದೆ. ಟಿವಿಯಿಂದ ಕೆಮ್ಮು ಕೇಳಿತು. ಆ ಕೆಮ್ಮನ್ನು ನಾನು ಎಲ್ಲಿದ್ದರೂ ಗುರುತಿಸುತ್ತಿದ್ದೆ.

"ಏನವ್ವ, ಇನ್ನೂ ಸೂಜೀನ ನೋಡ್ತಿಯಲ್ಲ?"

ನನಗೆ ಅಳು ಬಂತು, ನಗುವೂ ಬಂತು. ಈ ಆಟ ಆಗ ನೀಲಿ ಪೆಟ್ಟಿಗೆಯಲ್ಲಿ ಸಿಗುತ್ತಿರಲಿಲ್ಲ. ಎರಡರಲ್ಲೂ ಸಿಗುವ ಬಂದೂಕಿನ ಆಟಗಳಿದ್ದವು, ಆದರೆ ಬಸುರಿ ಬಂದೂಕು ಹಿಡಿಯಬಾರದೆಂದು ಅತ್ತೆಯ ಅಪ್ಪಣೆಯಾಗಿತ್ತು.

"ಮಾಸ್ಟರ್, ಹಸಿರು ಪೆಟ್ಟಿಗಿ ತಗೊಂಡ್ರಾ?"

"ಛೇ ಛೇ! ನಂದಲ್ಲವ್ವ. ಯಾರದೋ ರಿಪೇರಿಗೆ ಬಂದೈತಿ. ಸರಿ ಆಗೇತೋ ಇಲ್ಲೋ ನೋಡಾಕತ್ತೀನಿ."

ಆ ರಿಪೇರಿ ತಿಂಗಳುಗಟ್ಟಲೆ ನಡೆಯಿತು. ದಿನವೂ ಊಟದ ಬಿಡುವಿನಲ್ಲಿ ಮಾಸ್ಟರ್ ತಮ್ಮ ರೂಮಿಗೆ ಹೋಗಿ ಅಲ್ಲಿಂದ ಆಟಕ್ಕೆ ಬರುತ್ತಿದ್ದರು. ಒಂದು ದಿನವೂ ಹೊಟ್ಟೆಯ ಸುದ್ದಿ ಕೇಳಲಿಲ್ಲ. ನನ್ನನ್ನು ಅದನ್ನು ಕೇಳದಿದ್ದವರು ಜಗತ್ತಿನಲ್ಲಿ ಆಗ ಅವರೊಬ್ಬರೇ. ಎದುರಿಗೆ ತಿರುವು ಬರುತ್ತಿದೆ, ಕಾಲು ಮೆತ್ತಗೆ, ಇವತ್ತು ಯೂನಿಟ್ಟಿನಲ್ಲಿ ಜಿಪ್ಪು ಉಲ್ಟಾ ಹೊಲಿದವರು ಯಾರು, ನೇಮಕಲ್ಲು ಆಂಜನೇಯನಿಗೆ ಹೋದವರು ಪ್ರಸಾದ ತಂದರೋ ಇಲ್ಲವೋ, ಬರೀ ಇಂಥವೇ. ನಾನೂ ಮಾತಾಡತೊಡಗಿದೆ. ನನ್ನ ಊರಿನ ಮಾತು ನನ್ನ ಬಾಯಿಗೆ ಮರಳಿತು. ಮಾತಿನ ಹಿಂದೆ ಹಸಿವೂ ನಿದ್ದೆಯೂ ಬಂದವು.

ಹೆಡ್‌ಫೋನು ಕಿವಿಗೆ ಹಾಕಿದರೆ ಮಗುವಿಗೆ ಆಗದೆಂದು ಅತ್ತೆ ಬಿಟ್ಟಿರಲಿಲ್ಲ. ಮೈಕನ್ನು ಕೊರಳಿಗೆ ಹಾಕಿಕೊಂಡು ದನಿಯನ್ನು ಟಿವಿಗೇ ಬಿಟ್ಟಿದ್ದೆವು. ಹಾಗಾಗಿ ಮಾಸ್ಟರ್ ಇಡೀ ಮನೆಗೆ ಕೇಳುತ್ತಿದ್ದರು. ಅತ್ತೆ ಮೊದಮೊದಲು ಬಾಗಿಲ ಸಂದಿಯಿಂದ ನೋಡಿದರು. ಆಮೇಲೆ ಅವರೆಕಾಯಿ ಬಿಡಿಸುವ ನೆಪದಲ್ಲಿ ಒಳಗೆ ಬಂದು ಕೂತರು. ಒಂದು ದಿನ ನನ್ನ ಕೊರಳಿನ ಮೈಕಿಗೆ ಬಾಯಿ ತಂದು, "ಅಣ್ಣಯ್ಯ, ಊಟ ಆಯ್ತಾ? ನಮ್ ಹುಡುಗಿನ ಅಷ್ಟ್ ಜೋರಾಗಿ ಓಡಿಸ್ಬೇಡ ಕಣಣ್ಣ, ಕುಲುಕಾಡ್ತದೆ" ಎಂದರು. "ಇಲ್ರಿ ಅಮ್ಮಾರ, ನೀವು ಹೇಳಿದ ಮ್ಯಾಲ ಮುಗೀತು" ಎಂದು ಮಾಸ್ಟರ್ ಆ ದಿನವೆಲ್ಲ ಎತ್ತಿನಗಾಡಿಯ ವೇಗದಲ್ಲಿ ಕಾರು ಬಿಟ್ಟರು. ಅತ್ತೆಯ ಬಾಯಲ್ಲಿ ಅವರು ಅಂದಿನಿಂದ 'ಟಿವಿ ಅಣ್ಣ'.

ಆ ಟಿವಿ ಅಣ್ಣನಿಂದಲೇ ನನ್ನ ಮಗು ಉಳಿಯಿತೆಂದರೆ ದೊಡ್ಡ ಮಾತಲ್ಲ. ಒಂದು ಮಧ್ಯಾಹ್ನ ಗುಡ್ಡದ ದಾರಿಯಲ್ಲಿ ಹೋಗುತ್ತಿದ್ದಾಗ ನನ್ನ ಸೊಂಟದಿಂದ ಹೊಟ್ಟೆಗೆ ಚಳಕು ಹೊಡೆಯಿತು. ಹೋದ ಸಲವೂ ಹೀಗೇ ಶುರುವಾಗಿತ್ತು. ಕೂಗಬೇಕೆಂದರೆ ದನಿ ಬರಲಿಲ್ಲ. ಕಾರು ದಾರಿ ಬಿಟ್ಟು ಇಳಿಯಿತು.

"ಯಾಕವ್ವ, ಹೊಲಕ್ಕ ಇಳದಿ?" ಎಂದರು ಮಾಸ್ಟರ್. ಮರುಗಳಿಗೆ ಟಿವಿ ಬಿರಿಯುವಂತೆ ಅವರ ದನಿ: "ಅಮ್ಮಾರ! ಅಮ್ಮಾರ! ಎಲ್ಲಿದ್ದರೂ ಲಗೂ ಬರ್ರಿ! ಆಕಿ ಹತ್ರ ಬರ್ರಿ!"

ಅತ್ತೆ ಕುರಿಹಟ್ಟಿಯಿಂದ ಓಡಿಬಂದರು. ಅಂಗಡಿಯಿಂದ ಮನೆಯವರು ಆಟೋ ತಂದರು. ನನ್ನನ್ನು ಎತ್ತಿಕೊಂಡು ಹೊರಡುವಾಗ ಟಿವಿ ಇನ್ನೂ ಹಾಗೇ ಉರಿಯುತ್ತಿತ್ತು. ಅದರೊಳಗೆ ಮಾಸ್ಟರರ ಕಾರು ನನ್ನ ಕಾರಿನ ಪಕ್ಕಕ್ಕೆ ಬಂದು ಹೊಲದಲ್ಲಿ ನಿಂತಿತ್ತು. "ಸೂಜಿ ನೋಡಬ್ಯಾಡವ್ವ" ಎಂದರು ಅವರು. ಅಷ್ಟು ತಗ್ಗಿದ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಮುಂದಿನ ಬಟ್ಟಿ ನೋಡು."

ದಾರಿಯುದ್ದಕ್ಕೂ ನಾನು ಅದನ್ನೇ ಹೇಳಿಕೊಂಡೆ. ಬೇಗ ಕರೆತಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರಮ್ಮ. ದಿನ ತುಂಬಿ ಮಗಳು ಹುಟ್ಟಿದಳು.

ಮಗುವಿಗೆ ಕತ್ತು ನಿಂತ ಮೇಲೆ ರಾಯದುರ್ಗಕ್ಕೆ ಕರೆದುಕೊಂಡು ಹೋದೆ. ಯೂನಿಟ್ಟಿನಲ್ಲಿ ಹಲಗೆಯ ಮೇಲೆ ನೀಲಿ ಪೆಟ್ಟಿಗೆ ಒಂದೇ ಕೂತಿತ್ತು, ಗೌಸು ಹಾಕಿಕೊಂಡು, ಏನೂ ಗೊತ್ತಿಲ್ಲದ ಹಾಗೆ. ಗೆಳತಿ ನನ್ನನ್ನು ಮೂಲೆಗೆ ಎಳೆದು ಕಿಸಿಕಿಸಿ ನಗುತ್ತ ಸುದ್ದಿ ಹೇಳಿದಳು.

"ನಿನಗ ಗೊತ್ತಿಲ್ಲೇನೆ? ನಮ್ಮ ಮಾಸ್ಟರ್ ಹಿಂದಿನ ಬೀದಿ ಕನ್ನಡಕದವರ ಮನಿ ಬಾಗಿಲಿಗೆ ಹೋಗಿದ್ರಂತ. ಆಮ್ಯಾಲ ಟೀ ಅಂಗಡ್ಯಾಗ ಎಲ್ಲರ ಮುಂದ ಎದ್ದು ನಿಂತು, ಹಸಿರು ಪೆಟ್ಟಿಗಿ ಚೊಲೋ ಐತಿ ಅಂದ್ರು! ಯಾವ್ದೋ ಪಂದ್ಯ ಸೋತಾರ ನೋಡು. ಬೀದಿಯೆಲ್ಲ ವಾರಗಟ್ಟಲೆ ನಕ್ಕೀವಿ."

ಅದು ಯಾವಾಗಿನ ಮಾತೆಂದು ಕೇಳಿದೆ. ಅವಳು ನನ್ನ ಜೊತೆ ಫೋನಿನಲ್ಲಿ ಮಾತಾಡಿದ ಮಾರನೆಯ ದಿನವಂತೆ. ನಾನು ನಗಲಿಲ್ಲ. ಹಸಿರು ಪೆಟ್ಟಿಗೆ ಎಲ್ಲಿಂದ ಬಂತು, ಅದನ್ನು ಕೊಡಲು ಕನ್ನಡಕದವರು ಏನು ಹೇಳಿಸಿದರು ಎಂಬುದು ತಿಳಿಯಿತು. ಕಾಲಿಡುವುದಿಲ್ಲ ಎಂದ ಬಾಗಿಲಿಗೆ ಅವರು ನನಗಾಗಿ ಹೋಗಿದ್ದರು. ನಮ್ಮ ಕಂಪನಿ ಎಂದು ಎದೆ ತಟ್ಟಿಕೊಂಡ ಬೆಂಚಿನ ಎದುರೇ ಎದ್ದು ನಿಂತು ಆ ಮಾತು ಹೇಳಿದ್ದರು. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಯಾರೂ ಮಾಡಿಲ್ಲ.

ಕೇಳಿಬಿಡೋಣವೆಂದು ಮಾಸ್ಟರ್ ಹತ್ತಿರ ಹೋದೆ. ಅವರು ಮಾತಿಗೆ ಎಡೆಯನ್ನೇ ಕೊಡಲಿಲ್ಲ. ಮಗಳ ಕೆನ್ನೆಯನ್ನು ನೀಲಿ ಬೆರಳಿನಿಂದ ಮುಟ್ಟಲೋ ಬೇಡವೋ ಎಂದು ನೋಡಿ, ಮೊಣಕೈಯಿಂದ ಮುಟ್ಟಿದರು. ಟೇಬಲ್ಲಿನ ಕೆಳಗಿನಿಂದ ಒಂದು ಪೊಟ್ಟಣ ತೆಗೆದು ಕೊಟ್ಟರು. ಒಳಗೆ ಗೇಣುದ್ದದ ಜೀನ್ಸ್ ಪ್ಯಾಂಟು, ಬೆರಳೂ ತೂರದ ಜೇಬುಗಳು. ಕತ್ತರಿಸಿದ್ದಷ್ಟೇ ಅಲ್ಲ, ಹೊಲಿದದ್ದೂ ಅವರೇ.

"ಕೋರಾ ಐತವ್ವ" ಎಂದರು. "ಹಂಗಾ ಹಾಕಬ್ಯಾಡ, ಕೂಸಿನ ಮೈಗೆ ಒರಟಾಗ್ತೈತಿ. ನಿನ್ನ ಮನ್ಯಾಗ ತೊಳದು ಹಾಕು." ಬಸ್ಸು ಹತ್ತಿಸುವಾಗ ಇನ್ನೊಮ್ಮೆ ಹೇಳಿದರು, "ತೊಳಿಯೋದು ಮರೀಬ್ಯಾಡ."

ಈಗ ಆ ಆಟ ನೀಲಿ ಪೆಟ್ಟಿಗೆಗೂ ಬಂದಿದೆ. ಆಗಲೇ ಬಂದಿದ್ದರೆ ಮಾಸ್ಟರ್ ತಮ್ಮ ಹಲಗೆಯ ಮೇಲಿನ ಪೆಟ್ಟಿಗೆಯಲ್ಲೇ ನನ್ನ ಜೊತೆ ಆಡುತ್ತಿದ್ದರು, ಯಾರೆದುರೂ ತಲೆ ಬಾಗಿಸಬೇಕಾಗುತ್ತಿರಲಿಲ್ಲ. ಅವರಿಗೆ ಅಷ್ಟು ಕಷ್ಟ ತಪ್ಪುತ್ತಿತ್ತಲ್ಲ ಎಂದು ಒಂದು ಮನಸ್ಸು ಹೇಳುತ್ತದೆ. ಇನ್ನೊಂದು ಮನಸ್ಸು, ಸದ್ಯ, ತಡವಾಗಿ ಬಂತು ಎನ್ನುತ್ತದೆ. ನನಗೆ ಸಿಕ್ಕಿದ್ದನ್ನು ನಾನು ಯಾವ ಕಂಪನಿಗೂ ಬಿಟ್ಟುಕೊಡಲಾರೆ.

ಅಂದು ಮಡಕಶಿರಾಕ್ಕೆ ವಾಪಸು ಬಂದ ಮರುದಿನವೇ ಆ ಪುಟ್ಟ ಪ್ಯಾಂಟನ್ನು ತೊಳೆದು ಹಿತ್ತಲ ತಂತಿಗೆ ಹಾಕಿದ್ದೆ. ಒಣಗಿತೇ ಎಂದು ಸಂಜೆ ಹೋಗಿ ನೋಡಿದರೆ, ಒಂದು ಕಾಲು ಅಪ್ಪಟ ನೀಲಿ. ಇನ್ನೊಂದು ಕಾಲು ಹಸಿರಿಗೆ ವಾಲಿದ ನೀಲಿ.

ಇಡೀ ಜೀವಮಾನದಲ್ಲಿ ಒಂದು ತುಂಡಿನ ಲಾಟನ್ನೂ ಬೆರೆಸಿದವರಲ್ಲ ಅವರು. ಅಲ್ಲೇ ತಂತಿ ಹಿಡಿದುಕೊಂಡು ಅತ್ತುಬಿಟ್ಟೆ. ಆಮೇಲೆ ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಕೇಳಿತು:

"ತೊಳದಿಯೇನವ್ವ?"

"ತೊಳದೆ, ಮಾಸ್ಟರ್."

"ಮತ್ತ?"

"ಎರಡೂ ಕಾಲು ಚೆಂದ ಅದಾವ್ರಿ" ಎಂದೆ.